ಯಾವ ವಾರ್ಡಿಗೂ ಸೇರದ ನೀರು

ಹಿಂದಿನ ದಿನ ಸೊಳ್ಳೆಪರದೆಯ ವಿಷಯಕ್ಕೆ ಜಗಳ ಆಡಿದ್ದೆವು. ಅದು ಹರಿದಿತ್ತು. ಹೊಸದು ತರಬೇಕು ಎಂದು ನಾನು, ಹೊಲಿದರೆ ಆಯಿತು ಎಂದು ನಮ್ಮವರು. ಕೊನೆಗೆ ಅವರೇ ಸೂಜಿ ಹಿಡಿದು ಕೂತರು. ಪರದೆಯ ಜೊತೆ ತಮ್ಮ ಅಂಗಿಯ ತುದಿಯನ್ನೂ ಸೇರಿಸಿ ಹೊಲಿದರು. ನಾನು ನಕ್ಕೆ. ಅವರು ನಗಲಿಲ್ಲ. ಉಂಡು ಮಲಗಿದೆವು. ಮರುದಿನ ಕೆಲಸಕ್ಕೆ ಹೋದವರು ಮಾರುಕಟ್ಟೆಯ ಹತ್ತಿರ ಸೈಕಲ್ಲಿನಿಂದ ಬಿದ್ದರು. ಎದೆಬಡಿತ ನಿಂತುಹೋಗಿದೆ ಎಂದರು ಡಾಕ್ಟರು.

ನಮ್ಮವರದು ಪುರಸಭೆಯ ನೀರು ಬಿಡುವ ಕೆಲಸ. ಬೀದಿಯ ಗುಂಡಿಯಲ್ಲಿರುವ ವಾಲ್ವನ್ನು ಉದ್ದನೆಯ ಕಬ್ಬಿಣದ ಚಾವಿಯಿಂದ ತಿರುಗಿಸಬೇಕು. ತಿರುಗಿಸುವ ಮೊದಲು ಆ ಚಾವಿಯಿಂದಲೇ ಕೊಳವೆಗೆ ಬಡಿಯುವರು. ಸದ್ದು ಮನೆಮನೆಯ ನಲ್ಲಿಯಲ್ಲಿ ಕೇಳುತ್ತದೆ, ಜನ ಕೊಡ ಹಿಡಿದು ಏಳುತ್ತಾರೆ. ಅದಕ್ಕೇ ಊರವರು ಅವರನ್ನು ಟಣಟಣ ಎಂದು ಕರೆಯುತ್ತಿದ್ದರು. ನಾನು ಟಣಟಣನ ಹೆಂಡತಿ. ನಮ್ಮಣ್ಣ ಊರಿಗೆಲ್ಲ ನೀರು ಕುಡಿಸಿದ, ನಿನ್ನ ಕೈಯಲ್ಲಿ ಮಾತ್ರ ತಾನೇ ಕುಡಿದ ಎಂದು ನಾದಿನಿ ಚುಚ್ಚುತ್ತಿದ್ದಳು.

ನಾನು ಮದುವೆಯಾಗಿ ಬಂದಾಗ ಊರು ರೈಲು ಹಳಿಯ ಹತ್ತಿರ ಮುಗಿಯುತ್ತಿತ್ತು. ಆಮೇಲೆ ಹಳಿ ದಾಟಿತು. ಕಡಲ ಪಕ್ಕದ ಜೌಗಿಗೆ ಮಣ್ಣು ತುಂಬಿ ಬಡಾವಣೆ ಮಾಡಿದರು. ಕೆರೆ ಇದ್ದಲ್ಲಿ ಬಸ್ ನಿಲ್ದಾಣ ಬಂತು. ಪುರಸಭೆ ಹೋಗಿ ಮಹಾನಗರಪಾಲಿಕೆ ಆಯಿತು. ವಾರ್ಡುಗಳನ್ನು ಒಡೆದರು, ಕೂಡಿಸಿದರು, ಮತ್ತೆ ಒಡೆದರು. ನಾವು ಮನೆ ಬದಲಿಸಲಿಲ್ಲ, ವಾರ್ಡು ಮಾತ್ರ ಬದಲಾಗುತ್ತಲೇ ಇತ್ತು. ಪ್ರತಿಸಲವೂ ನಮ್ಮವರಿಗೆ ವಾಲ್ವ್ ಹೆಚ್ಚಾದವು. ಸೈಕಲ್ ಅದೇ.

ಅವರು ಹೋದ ಮೇಲೆ ಹೊಸ ನೀರಿನವನು ಬಂದು ಚಾವಿ ತೆಗೆದುಕೊಂಡು ಹೋದ. ಮರುದಿನ ನಮ್ಮ ಓಣಿಗೆ ನೀರು ಬಂತು. ಅದೇ ನನಗೆ ಅರ್ಥವಾಗಲಿಲ್ಲ. ಓಣಿಯ ವಾಲ್ವ್ ಇರುವುದು ನಮ್ಮ ಬಾಗಿಲ ಪಕ್ಕದ ಗುಂಡಿಯಲ್ಲಿ. ಹಾಗೆಂದು ನಮ್ಮವರೇ ಹೇಳಿದ್ದರು. ಬೆಳಗ್ಗೆ ಎದ್ದ ಕೂಡಲೇ ಚಪ್ಪಡಿ ಸರಿಸಿ ಅದರ ಚಕ್ರ ತಿರುಗಿಸುತ್ತಿದ್ದರು. ಅದಕ್ಕೆ ಚಾವಿ ಬೇಡ. ಅಲ್ಲಿ ಬಡಿಯುತ್ತಲೂ ಇರಲಿಲ್ಲ. ಈಗ ಅದನ್ನು ಯಾರೂ ಮುಟ್ಟಿಲ್ಲ, ನೀರು ಹೇಗೆ ಬಂತು?

ಹೊಸಬನನ್ನು ಕೇಳಿದೆ. ಓಣಿಯ ವಾಲ್ವ್ ತಿರುವಿನಲ್ಲಿದೆ ಎಂದ. ಚಪ್ಪಡಿ ತೋರಿಸಿದೆ. ಇದು ಯಾವುದೋ ಹಳೆಯದು, ಸತ್ತ ವಾಲ್ವ್ ಇರಬೇಕಮ್ಮ ಎಂದು ಹೊರಟುಹೋದ.

ಸತ್ತ ವಾಲ್ವನ್ನು ದಿನಾ ಯಾಕೆ ತಿರುಗಿಸುತ್ತಿದ್ದರು? ನನಗೆ ಯಾಕೆ ಸುಳ್ಳು ಹೇಳಿದರು? ಅಳುವುದು ಬಿಟ್ಟು ಇದನ್ನೇ ಯೋಚಿಸಿದೆ. ತಲೆಬುಡ ತಿಳಿಯಲಿಲ್ಲ.

ಆಗ ಒಬ್ಬಳು ಖಾಲಿ ಕೊಡ ಹಿಡಿದು ಬಾಗಿಲಿಗೆ ಬಂದಳು.

“ಮಾವ ಎಲ್ಲಿ? ನಮಗೆ ನೀರೇ ಬಂದಿಲ್ಲ.”

ತೀರಿಕೊಂಡರು ಎಂದೆ. ಕೊಡ ಬಿಟ್ಟು ಅಲ್ಲೇ ಕೂತು ಅತ್ತಳು. ನನಗಿಂತ ಹೆಚ್ಚು ಅತ್ತಳು. ಪಕ್ಕದ ಮನೆಯವಳು ಕಿಟಕಿಯಲ್ಲಿ ಮುಖ ಇಟ್ಟಳು.

“ನೀನ್ಯಾರಮ್ಮ, ಅವರನ್ನ ಮಾವ ಅನ್ನೋಕೆ?”

ಕಣ್ಣೊರೆಸಿಕೊಂಡು ನನ್ನನ್ನು ತನ್ನ ಜೊತೆ ಕರೆದುಕೊಂಡು ಹೋದಳು. ಬಂದರಿನ ಗೋದಾಮುಗಳ ಹಿಂದೆ ಬಲೆ ನೇಯುವವರ ಮನೆಗಳು. ತಗಡಿನ ಗೋಡೆ, ಮಧ್ಯದಲ್ಲಿ ಒಂದೇ ನಲ್ಲಿ, ಅದರ ಮುಂದೆ ಒಣಗಿದ ಕೊಡಗಳ ಸಾಲು. ವಾರ್ಡು ಒಡೆದಾಗ ಗಡಿ ಇವರ ತಲೆಯ ಮೇಲೆ ಹಾದುಹೋಯಿತಂತೆ. ಇವರು ಆ ವಾರ್ಡಿನವರು ಎಂದು ಈ ಕಡೆಯವರು, ಈ ವಾರ್ಡಿನವರು ಎಂದು ಆ ಕಡೆಯವರು. ನೀರು ಆ ಕಡೆಯವರು ಕೊಡುತ್ತಾರೆ ಎಂದು ಈ ಕಡೆಯವರು, ಈ ಕಡೆಯವರು ಕೊಡುತ್ತಾರೆ ಎಂದು ಆ ಕಡೆಯವರು. ಪುರಸಭೆಯ ಕಾಲದ ಹಳೆಯ ಕೊಳವೆಯೊಂದು ನಮ್ಮ ಬಾಗಿಲ ಪಕ್ಕದ ಗುಂಡಿಯಿಂದ ಅಲ್ಲಿಗೆ ಹೋಗುತ್ತದೆ. ಅದರಲ್ಲಿ ನಮ್ಮವರು ಯಾರಿಗೂ ಹೇಳದೆ ನೀರು ಬಿಡುತ್ತಿದ್ದರು.

ಹೆಂಗಸರೆಲ್ಲ ಸುತ್ತ ನಿಂತಿದ್ದರು. ಎಲ್ಲರಿಗೂ ಅವರು ಮಾವನೇ. ಅಷ್ಟಾದರೂ ತಿಳಿಯಿತು.

ಅವರು ನನಗೆ ಯಾಕೆ ಹೇಳಲಿಲ್ಲ, ನನ್ನ ಬಾಯಿ ಅಷ್ಟು ಸಡಿಲವೇ ಎಂದು ಕೊಡ ತಂದವಳನ್ನು ಕೇಳಿದೆ.

“ನಾನೂ ಮಾವನ್ನ ಕೇಳಿದ್ದೆ ಅತ್ತೆ. ಸಿಕ್ಕಿಬಿದ್ರೆ ನಾನೊಬ್ಬ ಕಳ್ಳ ಆದ್ರೆ ಸಾಕು, ಅವಳ್ಯಾಕೆ ಅಂದ್ರು.”

ನಿಜ ಇರಬಹುದು. ನೀರಿಗಾಗಿ ಅವಳೇ ಕಟ್ಟಿದ ಮಾತೂ ಇರಬಹುದು. ಯಾರನ್ನು ಕೇಳಲಿ? ಒಂದು ದಿನ ನಂಬುತ್ತೇನೆ, ಒಂದು ದಿನ ಸಿಟ್ಟು ಬರುತ್ತದೆ. ನನ್ನ ಪಕ್ಕದಲ್ಲಿ ಮಲಗಿದವರ ಮಾತು ನನಗೆ ಅವಳಿಂದ ತಿಳಿಯಬೇಕಾಯಿತು. ನಾದಿನಿಗೆ ಹೇಳಿದೆ; ಪಾಲಿಕೆಯ ಕಚೇರಿಗೆ ಹೋಗಿ ಹೇಳಿಬಿಡು ಎನ್ನುತ್ತಾಳೆ. ಹೇಳಿದರೆ ಕಚೇರಿಯವರು ಅಲ್ಲಿಗೆ ನೀರು ಕೊಡುತ್ತಾರೋ, ಇದನ್ನೂ ಮುಚ್ಚುತ್ತಾರೋ? ಹೇಳದಿದ್ದರೆ ನಾನು ಕಳ್ಳಿಯೋ ಅಲ್ಲವೋ? ಯಾವುದು ಸರಿ ಎಂದು ನನಗೆ ಗೊತ್ತಿಲ್ಲ.

ಬೆಳಗ್ಗೆ ಎದ್ದು ಸಲಾಕೆ ಹಾಕಿ ಚಪ್ಪಡಿ ಸರಿಸುತ್ತೇನೆ. ಪಕ್ಕದ ಮನೆಯವಳು ಏನು ಎಂದು ಕೇಳಿದರೆ ಓಣಿಯದು ಎನ್ನುತ್ತೇನೆ. ಚಕ್ರ ಗಟ್ಟಿ, ಎರಡೂ ಕೈ ಬೇಕು. ಎಷ್ಟು ಹೊತ್ತು ಬಿಡಬೇಕೋ ತಿಳಿಯದು. ಒಲೆಯ ಮೇಲೆ ಅನ್ನಕ್ಕೆ ಇಟ್ಟು, ಅದು ಬೆಂದ ಮೇಲೆ ಬಂದು ಮುಚ್ಚುತ್ತೇನೆ.