ಕ್ಲಬ್ಬಿನ ಮೆಂಬರಾದ ಅತ್ತೆಮ್ಮ

ಅತ್ತೆಮ್ಮ ಎಲ್ಲೇ ಕೂತರೂ ಎಡಗಾಲು ಮಡಚಿ ಬಲಗಾಲನ್ನು ಉದ್ದಕ್ಕೆ ಚಾಚುತ್ತಿದ್ದರು. ಆ ಮಂಡಿ ಬಗ್ಗುತ್ತಿರಲಿಲ್ಲ. ಎಂದೋ ಒಂದು ಎಮ್ಮೆ ಒದ್ದಿತ್ತಂತೆ. ಎಮ್ಮೆ ಸತ್ತು ಎಷ್ಟೋ ಕಾಲವಾಗಿದ್ದರೂ ಅದನ್ನು ಬಯ್ಯುವುದನ್ನು ಮಾತ್ರ ಅವರು ನಿಲ್ಲಿಸಿರಲಿಲ್ಲ. ಚಾಚಿದ ಕಾಲು ಸಾಮಾನ್ಯವಾಗಿ ಬಾಗಿಲಿಗೆ ಅಡ್ಡವಾಗಿರುತ್ತಿತ್ತು. ಹಿರಿಯರ ಕಾಲು ದಾಟುವ ಹಾಗಿಲ್ಲವಲ್ಲ. ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ. ಅವರಿಗೆ ಕೇಳಬೇಕಾದ ವಿಚಾರವೆಲ್ಲ ಕೇಳಿ ಮುಗಿದ ಮೇಲೆ ಎರಡೂ ಕೈಯಲ್ಲಿ ಕಾಲನ್ನೆತ್ತಿ, ಮಲಗಿದ ಮಗುವನ್ನು ಸರಿಸುವಂತೆ ಪಕ್ಕಕ್ಕಿಟ್ಟುಕೊಂಡು, "ಓಗು ಇನ್ನ" ಎನ್ನುತ್ತಿದ್ದರು.

ಅವರು ನನ್ನ ತಂದೆಯ ಅಕ್ಕ. ತೊಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ಎಂ.ಎ. ಮುಗಿಸಿ ಕೆ.ಆರ್. ಪೇಟೆಯ ಒಂದು ಖಾಸಗಿ ಕಾಲೇಜಿಗೆ ಪಾಠ ಹೇಳಲು ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ. ಗಂಡ ತೀರಿಕೊಂಡಿದ್ದರು. ಎಮ್ಮೆ ಕಟ್ಟಿಕೊಂಡು, ಅರ್ಧ ಪೇಟೆಗೆ ಹಾಲು ಹಾಕಿ ಮಗಳನ್ನು ಬೆಳೆಸಿದವರು. ಹಾಲು ಕುಡಿದವರೆಲ್ಲ ಅವರನ್ನು ಅತ್ತೆಮ್ಮ ಎಂದೇ ಕರೆಯುತ್ತಿದ್ದರು. ಆ ಕರೆಯನ್ನು ಅವರು ಬರೀ ಮರ್ಯಾದೆಯೆಂದುಕೊಳ್ಳಲಿಲ್ಲ, ಅಧಿಕಾರವೆಂದೇ ತಿಳಿದರು.

ಮಗಳನ್ನು ಬೂಕನಕೆರೆ ಕಡೆಯ ಹುಡುಗನಿಗೆ ಕೊಟ್ಟು, ಅಳಿಯನಿಗೆ ಪಕ್ಕದ ಬೀದಿಯಲ್ಲೇ ಹಿಟ್ಟಿನ ಮಿಲ್ಲು ಹಾಕಿಸಿಕೊಟ್ಟಿದ್ದರು. ಅಳಿಯ ಸಾಧು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅತ್ತೆ ಅಳಿಯ ಮುಖಾಮುಖಿ ಮಾತಾಡುವುದು ನಮ್ಮ ಕಡೆ ಹಿಂದಿನವರಲ್ಲಿ ಇರಲಿಲ್ಲ. ಅಳಿಯ ಬಂದರೆ ಅತ್ತೆಮ್ಮ ತಲೆ ಮೇಲೆ ಸೆರಗೆಳೆದುಕೊಂಡು ಕಂಬದ ಮರೆಗೆ ಸರಿದು, ಕಂಬವನ್ನು ನೋಡುತ್ತಾ ನನಗೆ ಹೇಳುವರು: "ಅಳೀಮಯ್ಯಾರು ಮುದ್ದೆ ಉಣ್ತಾರಾ, ಅನ್ನ ಉಣ್ತಾರಾ ಕೇಳು ಮಗ." ಅಣ್ಣ ಎರಡು ಮಾರು ದೂರದಿಂದ, "ಮುದ್ದೇನೇ ಆಗ್ಲಿ ಅನ್ನು" ಎಂದು ನನಗೇ ಹೇಳುವರು. ನಾನು ಅದನ್ನೇ ಇನ್ನೊಮ್ಮೆ ಜೋರಾಗಿ ಹೇಳಬೇಕು. ಎಂ.ಎ. ಓದಿದ್ದು ಅಂತೂ ಒಂದು ಕೆಲಸಕ್ಕೆ ಬಂತು.

ಆಗ ಪೇಟೆಗೆ ರಿಕ್ರಿಯೇಷನ್ ಕ್ಲಬ್ಬು ಬಂತು. ಲೈಸೆನ್ಸು ಪಡೆದ ಇಸ್ಪೀಟು ಕ್ಲಬ್ಬು. ರಮ್ಮಿ ಬುದ್ಧಿಯ ಆಟ, ಜೂಜಲ್ಲ ಎಂದು ಬಾಗಿಲಲ್ಲೇ ಬೋರ್ಡು ಹಾಕಿದ್ದರು. ಮೊದಲು ಊರು ಹಿಗ್ಗಿತು. ಕ್ಲಬ್ಬಿನವರು ಬಸ್‌ಸ್ಟ್ಯಾಂಡಿಗೆ ಕಲ್ಲುಬೆಂಚು ಹಾಕಿಸಿದರು, ಗಣಪತಿ ಕೂರಿಸುವ ಹುಡುಗರಿಗೆ ಧಾರಾಳವಾಗಿ ಚಂದಾ ಕೊಟ್ಟರು. ಎದುರಿನ ಹೋಟೆಲಿನವನು ಮಧ್ಯಾಹ್ನವೂ ಇಡ್ಲಿ ಬೇಯಿಸತೊಡಗಿದ. ಸಕ್ಕರೆ ಫ್ಯಾಕ್ಟರಿಯಲ್ಲಿ ಸಂಬಳವಾದ ದಿನ ಆಟೋಗಳು ಸಾಲುಗಟ್ಟುತ್ತಿದ್ದವು. ಆಮೇಲೆ ಹೋಟೆಲಿನ ಪಕ್ಕದಲ್ಲೇ ಒಂದು ಗಿರವಿ ಅಂಗಡಿ ತೆರೆಯಿತು. ಅದು ಯಾಕೆ ಅಲ್ಲೇ ತೆರೆಯಿತು ಎಂದು ಗಂಡಸರಿಗೆ ಹೊಳೆಯಲಿಲ್ಲ. ಹೆಂಗಸರು ಮಾತ್ರ ಕಿವಿಯ ಓಲೆ ಮುಟ್ಟಿ ನೋಡಿಕೊಳ್ಳತೊಡಗಿದರು. ಯಾರಾದರೂ ಗೊಣಗಿದರೆ ಎಲ್ಲರದೂ ಒಂದೇ ಉತ್ತರ, ಲೈಸೆನ್ಸ್ ಅದೆ.

"ನಮ್ಮ ಬೀದಿ ನಾಯಿಗೂ ಮುನ್ಸಿಪಾಲ್ಟಿಯೋರು ಬಿಲ್ಲೆ ಕಟ್ಟವ್ರೆ," ಎಂದರು ಅತ್ತೆಮ್ಮ. "ಅದು ಕಚ್ಚೋದು ಬುಟ್ಬುಡ್ತಾ?"

ಅಷ್ಟು ಹೊತ್ತಿಗೆ ಅಣ್ಣನ ಮಿಲ್ಲು ಮಧ್ಯಾಹ್ನ ಮುಚ್ಚಿರತೊಡಗಿತ್ತು. ಮೊದಲು ಊಟದ ಹೊತ್ತಿಗೆ, ಆಮೇಲೆ ಊಟವಾದ ಮೇಲೂ. ಬಾಗಿಲ ಮುಂದೆ ರಾಗಿಯ ಡಬ್ಬಗಳು ಯಜಮಾನರಿಲ್ಲದೆ ಸಾಲಾಗಿ ನಿಂತಿರುತ್ತಿದ್ದವು. ಎಷ್ಟೋ ಮನೆಯವರು ಬೇರೆ ಮಿಲ್ಲಿಗೆ ಹೋಗತೊಡಗಿದರು. ಬೆಲ್ಟು ಹರಿದಿದೆ, ಕರೆಂಟಿಲ್ಲ ಎಂದು ಮಗಳು ನೆವ ಹೇಳಿ ಹೇಳಿ ಸೋತು, ಒಂದು ದಿನ ಅಮ್ಮನ ಮುಂದೆ ಅತ್ತಳು. ಕ್ಲಬ್ಬಿನ ಸಾಲಕ್ಕೆ ಮಿಲ್ಲು ಮಾರುವ ಮಾತೂ ಮನೆಯಲ್ಲಿ ಬಂದಿದೆ ಎಂದಳು.

ಅತ್ತೆಮ್ಮನ ತೊಂದರೆ ಊರಿಗೆಲ್ಲ ಬಯ್ಯಬಲ್ಲವರ ತೊಂದರೆ. ಬಯ್ಯಬೇಕಾದ ಒಬ್ಬನೊಂದಿಗೆ ಮಾತ್ರ ಮಾತಾಡುವ ಹಾಗಿಲ್ಲ. ನನ್ನ ಮೂಲಕ ಬಯ್ಯಿಸಬಹುದಿತ್ತು. ಒಂದು ಸಲ ಕಂಬದ ಮರೆಯಿಂದ ಶುರುವನ್ನೂ ಮಾಡಿದರು. ನಾನು ಬಾಯಿ ತೆರೆದು ಅಣ್ಣನ ಮುಖ ನೋಡಿ, "ಅತ್ತೆಮ್ಮ ಕೇಳ್ತಿದಾರೆ, ಇನ್ನೊಂಚೂರು ಸಾರು ಹಾಕ್ಲಾ ಅಂತ," ಎಂದುಬಿಟ್ಟೆ.

"ಥೂ ನಿನ್ನ," ಎಂದಿತು ಕಂಬ.

ಮಾರನೆಯ ದಿನವೋ, ಅದರ ಮಾರನೆಯ ದಿನವೋ, ಅವರು ಹೊಸ ಸೀರೆಯುಟ್ಟು, "ಬಾ ಮಗ, ಓದೋ ಕೆಲ್ಸ ಅದೆ," ಎಂದು ನನ್ನನ್ನು ಕ್ಲಬ್ಬಿಗೆ ಕರೆದುಕೊಂಡು ಹೋದರು. ಬೋರ್ಡು ಓದಿಸಿದರು. ಒಳ್ಳೆಯ ನಡತೆಯ ಯಾವುದೇ ವಯಸ್ಕ ನಾಗರಿಕರು ಸದಸ್ಯರಾಗಬಹುದು ಎಂದಿತ್ತು.

"ವಯಸ್ಕ ಅಂದ್ರೆ?"

"ದೊಡ್ಡೋರು, ಅತ್ತೆಮ್ಮ."

"ನನ್ಗಿಂತ ದೊಡ್ಡೋರು ಒಳಗೆ ಯಾರವ್ರೆ ಕೇಳು."

ಮ್ಯಾನೇಜರು ಹೊರಗಿನವರು, ಮೃದು ಮಾತಿನ ಮನುಷ್ಯ. ಕಂಗಾಲಾಗಿ, "ಇಲ್ಲಿ ಲೇಡೀಸ್ ಬರೋದಿಲ್ಲಮ್ಮ, ವ್ಯವಸ್ಥೆ ಇಲ್ಲ," ಎಂದರು.

"ಬ್ಯಾಡ ಅಂತ ಬರ್ದವ್ರಾ?"

"ಬರೆದಿಲ್ಲ, ಆದ್ರೂ..."

"ನಡತೆ ಸರಿಯಿಲ್ವಾ ನಂದು?"

ಒಳಗಿನಿಂದ ಯಾರೋ ಕೆಮ್ಮಿದರು. ಮ್ಯಾನೇಜರು ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡರು. ನಾನು ಈಚೆಗೆ ಆ ದಿನದ ದಿನಚರಿ ತೆಗೆದು ನೋಡಿದೆ: "ಅತ್ತೆಮ್ಮ ಕ್ಲಬ್ಬಿಗೆ ಸೇರಿದರು. ರಾತ್ರಿ ಉಪ್ಸಾರು," ಎಂದಷ್ಟೇ ಇದೆ. ಹಾಗಾದರೆ ಈಗ ನನಗೆ ಕಾಣುವುದೆಲ್ಲ, ಅಂದರೆ ಬೀಡಿ ಹೊಗೆ ಮಧ್ಯೆ ಅವರು ಹೋಗಿ ನಿಂತದ್ದು, ಗಂಡಸರು ಕುರ್ಚಿ ಸದ್ದು ಮಾಡುತ್ತಾ ಒಬ್ಬೊಬ್ಬರಾಗಿ ಎದ್ದು ಬೀಡಿ ಹಿಂದಕ್ಕೆ ಹಿಡಿದುಕೊಂಡದ್ದು, ಒಬ್ಬರ ಪಂಚೆ ಸುಟ್ಟದ್ದು, ಇವೆಲ್ಲ ನಾನು ನೋಡಿದ್ದೋ? ಅಥವಾ ಊರವರು ಹೇಳಿ ಹೇಳಿ ನನ್ನದಾದದ್ದೋ? ಪಂಚೆ ಸುಟ್ಟದ್ದು ಊರಿನವರ ಸೇರ್ಪಡೆ ಇರಬಹುದು. ಅಣ್ಣ ಕ್ಲಬ್ಬಿನ ಹಿಂದಿನ ಅಡುಗೆಮನೆಯ ಬಾಗಿಲಿನಿಂದ ಓಡಿದ್ದು ನಿಜ. ಒಂದು ಚಪ್ಪಲಿ ಅಲ್ಲೇ ಬಿಟ್ಟಿದ್ದರು, ಅದನ್ನು ಮನೆಗೆ ತಂದವಳು ನಾನೇ.

ಅಂದಿನಿಂದ ಬೆಳಗಿನ ಹಾಲು ಹಾಕಿ ಮುಗಿಸಿ ಮಧ್ಯಾಹ್ನ ಅತ್ತೆಮ್ಮ ಕ್ಲಬ್ಬಿಗೆ ಹೋಗತೊಡಗಿದರು. ಕಾಲೇಜಿಲ್ಲದ ದಿನ ನಾನೂ ಜೊತೆಗೆ. ಬಾಗಿಲ ಪಕ್ಕದ ಮೇಜೇ ಅವರದು, ಕಾಲು ಬಾಗಿಲಿಗೆ ಅಡ್ಡ. ಅವರು ಯಾರಿಗೂ ಬುದ್ಧಿ ಹೇಳಲಿಲ್ಲ. ಬರೀ ಮಾತಾಡಿಸಿದರು.

"ಏನ್ಲಾ, ನಿನ್ನೆಂಡ್ರು ಬಾಣಂತನಕ್ಕೆ ಓಗಿದ್ದೋಳು ಬಂದ್ಲಾ? ಎಲೆ ಆಕು, ಆಕು. ಕೂಸು ಯಾರಂಗದೆ?"

"ಲೇ, ನಿಮ್ಮಪ್ಪುಂಗೆ ಕಣ್ಣು ಆಪರೇಸನ್ ಮಾಡುಸ್ಬೇಕು ಅಂತಿದ್ದಲ್ಲ, ಆಯ್ತಾ? ಅಯ್ಯೋ, ಅದ್ಯಾಕೆ ರಾಣಿ ಎಸ್ದೆ? ರಾಣಿ ಮಡೀಕ್ಕೊಳೋದಲ್ವಾ!"

ಕೂಸಿನ ವಿಚಾರವನ್ನೂ ಅಪ್ಪನ ಕಣ್ಣನ್ನೂ ತಲೆಯಲ್ಲಿಟ್ಟುಕೊಂಡು ಜೋಕರು ಲೆಕ್ಕ ಹಾಕಲು ಯಾರಿಂದಾಗುತ್ತದೆ? ಕ್ಲಬ್ಬು ಅವರನ್ನೆಲ್ಲ ಬರೀ ಸದಸ್ಯರನ್ನಾಗಿ ಮಾಡಿತ್ತು. ಅತ್ತೆಮ್ಮ ಅವರನ್ನು ಮತ್ತೆ ಯಾರದೋ ಗಂಡನನ್ನಾಗಿ, ಯಾರದೋ ಮಗನನ್ನಾಗಿ ಮಾಡಿದರು. ಬೀಡಿ ಹಚ್ಚುವಂತಿಲ್ಲ, ಬಾಯಿ ತುಂಬ ಬಯ್ಯುವಂತಿಲ್ಲ, ಎದ್ದು ಮುಂಬಾಗಿಲಿನಿಂದ ಹೋಗೋಣವೆಂದರೆ ಕಾಲು. ಮೇಜುಗಳು ಖಾಲಿಯಾಗತೊಡಗಿದವು. ಅಳಿಯನಂತೂ ಆ ಬೀದಿಯನ್ನೇ ಬಿಟ್ಟು ಸುತ್ತಿ ಓಡಾಡುತ್ತಿದ್ದರು.

ಇಷ್ಟರಲ್ಲಿ ಯಾರೂ ಎಣಿಸದ್ದೊಂದು ಆಯಿತು. ಅತ್ತೆಮ್ಮನಿಗೆ ಆಟ ಹಿಡಿಸಿಬಿಟ್ಟಿತು. ಮಳೆಗಾಲದಲ್ಲಿ ಅಳಿಗುಳಿಮಣೆಯಲ್ಲಿ ಬೀದಿಯ ಹೆಂಗಸರನ್ನೆಲ್ಲ ಸೋಲಿಸುತ್ತಿದ್ದ ಕೈ ಅದು. ಒಬ್ಬ ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರು ಹೇಳಿಕೊಟ್ಟರು, ಹೇಳಿಕೊಟ್ಟದ್ದಕ್ಕೆ ಆಮೇಲೆ ಪಶ್ಚಾತ್ತಾಪಪಟ್ಟರು. ಹಾಲು ಕರೆಯುವಾಗಲೂ ಅತ್ತೆಮ್ಮ ಆಟದ ಮಾತಾಡುತ್ತಿದ್ದರು. "ನೆನ್ನೆ ಒಂದೇ ಒಂದು ಆಟೀನು ಎಲೆ ಬಂದಿದ್ರೆ ಕೇಳ್ಬೇಡ, ಆ ಇನಿಸ್ಪೆಟ್ರು ಬಟ್ಟೆ ಬಿಚ್ಕಂಡು ಓಗೋನು."

ನನಗೆ ಹೆದರಿಕೆಯಾಯಿತು. ನನ್ನ ಕೈಯಲ್ಲಿ ಓದಿಸಿದ ಬೋರ್ಡು, ನಾನು ಜೊತೆಗೆ ಹೋದ ಕ್ಲಬ್ಬು. ಅಳಿಯನನ್ನು ಬಿಡಿಸಲು ಹೋದವರು ತಾವೇ ಸಿಕ್ಕಿಕೊಂಡರೋ? ಎಮ್ಮೆ ಹೊತ್ತು ಮೀರಿ ಕೂಗುತ್ತಿದ್ದ ಸಂಜೆಗಳೂ ಇದ್ದವು. ಮ್ಯಾನೇಜರು ಕಾಲೇಜಿನ ಬಾಗಿಲಿಗೇ ಬಂದು ನನ್ನ ಮುಂದೆ ಕೈಮುಗಿದರು. "ಮೇಡಂ, ಅವರಿಗೆ ಫೀಸು ವಾಪಸ್ ಕೊಡ್ತೀನಿ. ಬೇಕಾದ್ರೆ ನಿಮ್ಮ ಬೀದಿಗೂ ಒಂದು ಬೆಂಚು ಹಾಕಿಸ್ತೀನಿ."

ಹೇಳಿದೆ. "ಬೆಂಚು ಬರ್ಲಿ," ಎಂದರು ಅತ್ತೆಮ್ಮ. "ಕ್ಲಬ್ಬು ಬುಡಲ್ಲ."

ಮುಗಿದದ್ದು ಒಂದು ಮಧ್ಯಾಹ್ನ. ಆ ದಿನ ನಾನು ಅಲ್ಲಿದ್ದೆ, ಇದರಲ್ಲಿ ನನಗೆ ಅನುಮಾನವಿಲ್ಲ. ಅತ್ತೆಮ್ಮ, ಇನ್ಸ್‌ಪೆಕ್ಟರು, ಆಳು ಸಾಲದೆಂದು ಕೂತ ಮ್ಯಾನೇಜರು ಮೂವರೇ ಆಡುತ್ತಿದ್ದರು. ಬಾಗಿಲಲ್ಲಿ ಅಣ್ಣ ಬಂದು ನಿಂತರು. ತಲೆ, ಹುಬ್ಬು, ಮೀಸೆಯೆಲ್ಲ ಬೆಳ್ಳಗೆ ಹಿಟ್ಟು. ಒಳಗೆ ಬರಲು ಕಾಲು ಅಡ್ಡವಿತ್ತು. ಅವರು ನನ್ನ ಕಡೆ ನೋಡಿದರು. ನಾನು ಬೇಕೆಂದೇ ಗೋಡೆ ನೋಡಿದೆ.

"ಅತ್ತೆ," ಎಂದರು ಅಣ್ಣ. "ಎಮ್ಮೆ ಕೂಗ್ತಾ ಅದೆ. ನಿಮ್ಮಗ್ಳು ಉಣ್ಣದೆ ಕೂತವ್ಳೆ. ನೀವು ಇಂಗೆ ಆಟಕ್ಕೆ ಕುಂತ್ಕಂಡ್ರೆ ಮನೆ ಗತಿ ಏನು?"

ಅತ್ತೆಮ್ಮ ಸೆರಗಿಗೆ ಕೈ ಹಾಕಿದರು. ಕೈಯಲ್ಲಿ ಎಲೆಗಳಿದ್ದವು, ಸೆರಗು ಬಿಟ್ಟು ಎಲೆಗಳನ್ನೇ ಮುಖಕ್ಕೆ ಅಡ್ಡ ಹಿಡಿದರು. ಆಮೇಲೆ ಅವನ್ನೂ ಇಳಿಸಿ ಅಳಿಯನ ಮುಖವನ್ನು ನೇರವಾಗಿ ನೋಡಿದರು. ಮದುವೆಯಾದಾಗಿನಿಂದ ನೋಡಿರಲಿಲ್ಲವೇನೋ.

"ಮಿಲ್ಲು ತಗ್ದಿದ್ದೀರಾ?"

"ತಗ್ದಿವ್ನಿ."

"ಸಾಯಂಕಾಲದ ಗಂಟಾ?"

"ಊ. ನೀವು ಬರೋದಾದ್ರೆ."

"ಮಾರೋ ಮಾತು?"

"ಇಲ್ಲ, ಬುಟ್ಟಾಯ್ತು."

ಅತ್ತೆಮ್ಮ ಎಲೆಗಳನ್ನು ಮೇಜಿನ ಮೇಲೆ ಅಂಗಾತ ಬಿಚ್ಚಿಟ್ಟರು. ಇನ್ಸ್‌ಪೆಕ್ಟರು ಬಗ್ಗಿ ನೋಡಿ, "ಅಯ್ಯೋ ತಾಯಿ, ಆಟ ಆಗೋಗಿತ್ತಲ್ಲ ನಿಮ್ದು! ಮೊದ್ಲೇ ತೋರ್ಸಬಾರ್ದಿತ್ತಾ?" ಎಂದು ಕೂಗಿದರು.

"ಅಳೀಮಯ್ಯಾರು ಮಾತಾಡ್ತಿದ್ರು," ಎಂದರು ಅತ್ತೆಮ್ಮ, ಕಾಲೆತ್ತಿ ಪಕ್ಕಕ್ಕಿಡುತ್ತಾ.

ಅತ್ತೆಮ್ಮನೇ ಕ್ಲಬ್ಬು ಮುಚ್ಚಿಸಿದರು ಎಂದು ಊರಿನಲ್ಲಿ ಈಗಲೂ ಹೇಳುತ್ತಾರೆ. ಅದು ನಿಜವಲ್ಲ. ಅವರು ಹೋಗುವುದು ನಿಂತ ಮೇಲೆ ಕ್ಲಬ್ಬು ಮತ್ತೆ ತುಂಬಿತು. ಕೆಲವರು ಅಷ್ಟರಲ್ಲಿ ಬಸ್ಸು ಹತ್ತಿ ಬೇರೆ ಊರಿನ ಕ್ಲಬ್ಬು ಹುಡುಕಿಕೊಂಡಿದ್ದರು. ಗಿರವಿ ಅಂಗಡಿಯವನು ಮಾಳಿಗೆ ಕಟ್ಟಿಸಿದ. ಪಾಂಡವಪುರದಿಂದ ಇಬ್ಬರು ಹೆಂಗಸರು ಬಂದು, ನಮ್ಮೂರಿನ ಕ್ಲಬ್ಬಿಗೂ ಒಂದಷ್ಟು ದಿನ ಬಂದು ಕೂತ್ಕೊಳಿ ಎಂದು ಕೇಳಿದ್ದರು. "ಅಲ್ಲಿ ನಾನ್ಯಾರು ಕಣವ್ವ? ಆ ಗಂಡುಸ್ರು ನನ್ನಾಲು ಕುಡ್ದವ್ರಾ? ನಿಮ್ಮೂರಲ್ಲೇ ಒಬ್ಳು ಬಾಯ್‌ಬಡ್ಕಿ ಮುದ್ಕೀನ ಉಡುಕ್ಕೊಳಿ," ಎಂದು ಅತ್ತೆಮ್ಮ ಕಾಫಿ ಕೊಟ್ಟು ಕಳಿಸಿದರು.

ಅಣ್ಣ ಮತ್ತೆಂದೂ ಕದ್ದು ಹೋಗಲೇ ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಆದರೆ ಮಿಲ್ಲು ನಡೆಯಿತು, ಮಗಳ ಸಂಸಾರ ಉಳಿಯಿತು. ನನಗೆ ಅತ್ತೆಮ್ಮನಿಂದ ಆದದ್ದು ಬೇರೆ. ಅಲ್ಲಿಯವರೆಗೆ ಸ್ಟಾಫ್ ರೂಮಿನಲ್ಲಿ ಗಂಡಸರೇ ಕೂತಿದ್ದರೆ ಬಾಗಿಲಲ್ಲೇ ನಿಂತು ಮಾತಾಡಿ ಬರುತ್ತಿದ್ದೆ. ಆಮೇಲೆ ಎಲ್ಲಿಗೆ ಹೋದರೂ ಕುರ್ಚಿ ಎಳೆದುಕೊಂಡು ಕೂರುವುದು ಅಭ್ಯಾಸವಾಯಿತು.

ಆ ದಶಕ ಮುಗಿಯುವ ಮುಂಚೆಯೇ ಅತ್ತೆಮ್ಮ ತೀರಿಕೊಂಡರು, ಒಂದು ಬೆಳಗಿನ ಹೊತ್ತು, ಹಾಲು ಕರೆದಾದ ಮೇಲೆ. ನಡುಮನೆಯಲ್ಲಿ ಮಲಗಿಸಿದ್ದೆವು. ಇನ್ನೂ ಸುದ್ದಿ ಪೂರ್ತಿ ಹರಡಿರಲಿಲ್ಲ. ಮೇಲಿನ ಬೀದಿಯ ಒಬ್ಬಾಕೆ ರಾಗಿ ಡಬ್ಬ ಸೊಂಟದ ಮೇಲಿಟ್ಟುಕೊಂಡು ಬೀದಿಯಿಂದಲೇ ಕೂಗುತ್ತಾ ಬಂದಳು. "ಅತ್ತೆಮ್ಮೋ! ನಿಮ್ಮಳಿಯ ಮತ್ತೆ ಮಿಲ್ಲು ಮುಚ್ಕಂಡು ಓಗವ್ನೆ! ಬನ್ನಿ ಒಂದ್ಸಲ, ಏನೂಂತ ಇಚಾರ್ಸಿ!" ಒಳಗೆ ಕಾಲಿಟ್ಟವಳು ನೋಡಿದಳು. ಡಬ್ಬವನ್ನು ದಾರಿಯಲ್ಲೇ ಇಳಿಸಿ ಅಳುತ್ತಾ ಕೂತುಬಿಟ್ಟಳು. ಅಣ್ಣ ಎದ್ದು ಬಂದು, ಯಾರೂ ಎಡವದ ಹಾಗೆ ಡಬ್ಬವನ್ನು ಗೋಡೆಯ ಪಕ್ಕಕ್ಕೆ ಸರಿಸಿ, "ನಾಳಿದ್ದು ಬಾ ಕಣವ್ವ, ಬೀಸಿ ಮಡುಗಿರ್ತೀನಿ," ಎಂದರು.