ಕನಕಾಂಬರದ ಬೇರು, ಕೆಲಸ ಮಾಡದ ಔಷಧಿ

ಚಾಮರಾಜಪೇಟೆಯ ಮಣ್ಣು ಪರೀಕ್ಷೆಯ ಲ್ಯಾಬೊಂದರಲ್ಲಿ ನಾನು ಕೆಲಸಕ್ಕಿದ್ದೆ. ಊರಾಚೆ ಕನಕಾಂಬರ ಬೆಳೆಯುತ್ತಿದ್ದ ಹೆಂಗಸೊಬ್ಬರು ಬೆಳಗ್ಗೆ ಮಾರ್ಕೆಟ್ಟಿಗೆ ಹೂ ಹಾಕಿ, ಅಲ್ಲಿಂದ ನಡೆದುಕೊಂಡೇ ನಮ್ಮಲ್ಲಿಗೆ ಬರುತ್ತಿದ್ದರು. ಮೊದಲ ಸಲ ಅವರು ತಂದ ಗಿಡದ ಬೇರಿನ ತುಂಬ ಸಾಸಿವೆಯಂಥ ಗಂಟುಗಳು. ಕಣ್ಣಿಗೆ ಕಾಣದ ಜಂತುಹುಳುಗಳು ಒಳಗೆ ಸೇರಿ ಸಾರ ಹೀರುತ್ತಿದ್ದವು. ಮಣ್ಣಿಗೆ ಹಾಕುವ ಹರಳು ಔಷಧಿ ಬರೆದುಕೊಟ್ಟೆ. ತೋಟ ಚೇತರಿಸಿಕೊಂಡಿತು. ಮರುವರ್ಷ ಗಂಟು ಮತ್ತೆ ಬಂದಾಗ ಅದನ್ನೇ ಇನ್ನಷ್ಟು ಹಾಕಿ ಎಂದೆ.

ಮೂರನೆಯ ವರ್ಷ ಸಾಲುಸಾಲೇ ಒಣಗಿತು.

"ಸರಿಯಾಗಿ ಹಾಕಿದ್ರಾ?" ಎಂದು ಕೇಳಿದೆ.

ಅವರ ಮುಖ ಸಣ್ಣದಾಯಿತು. "ನೀವೂ ಅದನ್ನೇ ಕೇಳ್ತೀರಾ ಮೇಡಂ? ನಾನು ಹಾಕೇ ಇಲ್ಲ ಅಂತ ನಮ್ಮನೆಯವ್ರು ಮಾತೇ ಬಿಟ್ಟಿದಾರೆ. ಒಂದೊಂದು ಬುಡಕ್ಕೂ ನಾನೇ ಕೂತು ಹಾಕಿದೀನಿ."

ಕೇಳಬಾರದಿತ್ತು ಅನ್ನಿಸಿತು. ತೋಟದ ಮಣ್ಣನ್ನೂ, ಔಷಧಿ ಎಂದೂ ಬೀಳದ ಬದುವಿನ ಮಣ್ಣನ್ನೂ ತರಿಸಿ ಬೇರೆಬೇರೆ ಕುಂಡಗಳಿಗೆ ತುಂಬಿದೆ. ಎರಡಕ್ಕೂ ಅದೇ ಔಷಧಿ ಹಾಕಿ, ಎರಡು ವಾರ ಬಿಟ್ಟು ಟೊಮೆಟೊ ಸಸಿ ನೆಟ್ಟು, ಅವರ ಗಿಡದ ಹುಳುಗಳನ್ನೇ ಬಿಟ್ಟೆ. ತಿಂಗಳಾದ ಮೇಲೆ ಕಿತ್ತರೆ ಬದುವಿನ ಮಣ್ಣಿನ ಬೇರು ನೀಟಾಗಿತ್ತು. ತೋಟದ್ದರಲ್ಲಿ ಬರೀ ಗಂಟು.

ಅವರನ್ನು ಕರೆಸಿದೆ. ಗಂಡನೂ ಜೊತೆಗೆ ಬಂದಿದ್ದರು. ಎರಡೂ ಬೇರುಗಳನ್ನು ಮೇಜಿನ ಮೇಲಿಟ್ಟು ಹೇಳಿದೆ: "ಇವ್ರು ಔಷಧಿ ಹಾಕಿದ್ದು ನಿಜ. ಪದೇಪದೇ ಒಂದೇ ಔಷಧಿ ಬಿದ್ದು, ನಿಮ್ಮ ಮಣ್ಣಲ್ಲಿರೋ ಸೂಕ್ಷ್ಮಜೀವಿಗಳು ಅದನ್ನೇ ತಿನ್ನೋದು ಕಲ್ತಿವೆ. ಹುಳ ಸಾಯೋಕೆ ಮುಂಚೆ ಔಷಧೀನೇ ಖಾಲಿ. ಅದನ್ನೇ ಹಾಕಿ ಅಂದೋಳು ನಾನು. ತಪ್ಪು ನಂದು."

ಗಂಡ ಬೇರನ್ನು ತಿರುಗಿಸಿ ನೋಡುತ್ತಲೇ ಇದ್ದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಸುಮ್ನೆ ಅಂದ್ಬಿಟ್ಟೆ ಕಣೇ" ಎಂದರು. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಈಗೇನು ಮಾಡೋದು, ಅದು ಹೇಳಿ ಮೇಡಂ" ಎಂದರು.

ಕನಕಾಂಬರ ಕಿತ್ತು, ಬೇವಿನ ಹಿಂಡಿ ಕೊಟ್ಟು, ಒಂದು ವರ್ಷ ಪೂರ್ತಿ ಚೆಂಡುಹೂ ಹಾಕಲು ಹೇಳಿದೆ. ಚೆಂಡುಹೂವಿನ ಬೇರು ಈ ಹುಳುಗಳಿಗೆ ಆಗದು. ನನ್ನ ಮಾತನ್ನು ಇನ್ನೂ ನಂಬುತ್ತಾರೆಯೇ ಎಂಬ ಅಳುಕಿತ್ತು. ನಂಬಿದರು. ವರ್ಷ ಕಳೆದು ಮಣ್ಣು ನೋಡಿದಾಗ ಹುಳು ಪೂರ್ತಿ ಹೋಗಿರಲಿಲ್ಲ, ಬಹಳ ಕಡಿಮೆಯಾಗಿತ್ತು. ಅರ್ಧ ತೋಟಕ್ಕೆ ಮತ್ತೆ ಕನಕಾಂಬರ ನೆಟ್ಟರು; ಈ ಸಲ ಗಂಡಹೆಂಡತಿ ಇಬ್ಬರೂ ಕೂತು.