ಮುಚ್ಚಿಬಿಟ್ಟ ದೂರು

ಇದನ್ನು ಕಟ್ಟುಕಥೆ ಅಂದುಕೊಂಡು ಓದಿದರೆ ನನಗೇ ಒಳ್ಳೆಯದು. ಆದರೆ ಇದು ನಡೆದದ್ದು, ಇದರಲ್ಲಿ ತಪ್ಪು ಮಾಡಿದವನೂ ನಾನೇ.

ನಮ್ಮೂರು ಸಂಪಗಾಂವ. ಆ ಮಳೆಗಾಲ ರಾಮದುರ್ಗದ ಕಡೆ ಒಂದು ನೆರೆ ಸಹಾಯವಾಣಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸಕ್ಕಿದ್ದೆ. ಸವದತ್ತಿಯ ಡ್ಯಾಮಿನಿಂದ ನೀರು ಬಿಟ್ಟಿದ್ದರು, ಮಲಪ್ರಭೆ ಹೊಲ ಮನೆ ಅನ್ನದೆ ನುಗ್ಗಿತ್ತು. ಫೋನ್ ಬಂದರೆ ನಾನು ದೂರನ್ನು ಕಂಪ್ಯೂಟರಿಗೆ ಹಾಕಬೇಕು. ಅದು ದೋಣಿ ನಡೆಸುವ ದಸ್ತಗೀರನ ಮೊಬೈಲಿಗೆ ಹೋಗುತ್ತದೆ, ಅವನು ಹೋಗಿ ಜನರನ್ನು ಕರೆತರುತ್ತಾನೆ. ವ್ಯವಸ್ಥೆ ಚೆನ್ನಾಗಿಯೇ ಇತ್ತು. ಕೆಡಿಸಿದ್ದು ನಾವು.

ಅರ್ಧ ಗಂಟೆಯಲ್ಲಿ ದೂರು ಮುಗಿಯದಿದ್ದರೆ ಮೇಲಿನವರ ಪರದೆಯಲ್ಲಿ ಅದು ಕೆಂಪಾಗುತ್ತಿತ್ತು. ಕೆಂಪಾದರೆ ನಮ್ಮ ಸಹಾಯವಾಣಿಯ ಸಾಹೇಬರಿಗೆ ಬೈಗುಳ, ಅವರಿಂದ ನಮಗೆ. ಅದಕ್ಕೇ ಒಂದು ಉಪಾಯ ಮಾಡಿಕೊಂಡಿದ್ದೆವು. 'ರಕ್ಷಿಸಲಾಗಿದೆ' ಅಂತ ಒತ್ತಿ ಮೊದಲು ದೂರು ಮುಚ್ಚಿಬಿಡುವುದು, ವಿಳಾಸವನ್ನು ಚೀಟಿಯಲ್ಲಿ ಬರೆದಿಟ್ಟು ದಸ್ತಗೀರನಿಗೆ ಬಾಯಲ್ಲಿ ಹೇಳುವುದು. ಮುಚ್ಚಿದ ದೂರು ಅವನ ಮೊಬೈಲಿನಿಂದಲೂ ಅಳಿಸಿಹೋಗುತ್ತಿತ್ತು.

ಆ ರಾತ್ರಿ ಹನ್ನೊಂದಕ್ಕೆ ಕಾಶವ್ವ ಅನ್ನುವ ಮುದುಕಿ ಫೋನ್ ಮಾಡಿದಳು. ಹೊಳೆದಂಡೆಯ ತೋಟದ ಮನೆ, ಮಾಳಿಗೆ ಮೇಲೆ ಅವಳು ಮತ್ತು ಆರು ವರ್ಷದ ಮೊಮ್ಮಗಳು. ಅವಳ ಮಾತಿನ ಹಿಂದೆ ನೀರಿನ ಭೋರ್ಗರೆತ... ದೋಣಿ ಬರುತ್ತದೆ ಅಂತ ಧೈರ್ಯ ಹೇಳಿದೆ.

ದಸ್ತಗೀರ ಬೇರೆ ಕಡೆ ಹೋಗಿದ್ದ. ಅರ್ಧ ಗಂಟೆ ಆಗುತ್ತಾ ಬಂತು. ಇಬ್ಬರನ್ನೂ ರಕ್ಷಿಸಲಾಗಿದೆ ಅಂತ ಮುಚ್ಚಿದೆ, ಚೀಟಿ ಬರೆದೆ. ಅಷ್ಟರಲ್ಲಿ ಸಾಹೇಬರು ಬಂದು, ಒಂದೂ ಬಾಕಿ ಇಲ್ಲವಲ್ಲ ಅಂತ ಬೆನ್ನು ತಟ್ಟಿ ಚಹಾ ತರಿಸಿದರು. ನಾನು ಉಬ್ಬಿಹೋದೆ. ಚೀಟಿ ಮರೆತೆ. ದಸ್ತಗೀರ ವಾಪಸು ಬಂದಾಗ ಮೊಬೈಲಿನಲ್ಲಿ ಯಾವ ದೂರೂ ಇರಲಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿಬಿಟ್ಟ.

ಮೂರೂವರೆಗೆ ಫೋನ್... ಅದೇ ನಂಬರ್. ನೋಡಿದ ಕೂಡಲೇ ಚೀಟಿ ನೆನಪಾಯಿತು.

ಈ ಸಲ ನೀರಿನ ಸದ್ದೇ ಇಲ್ಲ. ಬಾವಿಯೊಳಗಿಂದ ಮಾತಾಡಿದ ಹಾಗೆ ಅವಳ ದನಿ.

"ನಿಮ್ಮ ಮಂದಿ ಬಂದಿದ್ರಪಾ. ಕೂಸಿನ್ನ ಕರಕೊಂಡು ಹೋದ್ರು."

"ಯಾರ ಬಂದಿದ್ರು, ಯವ್ವಾ?"

"ನೀ ಕಳಿಸಿದವ್ರು... ನಾಕ್ ಮಂದಿ. ದೀಪ ಇರಲಿಲ್ಲ, ದೋಣಿನೂ ಕಾಣಲಿಲ್ಲ. ನೀರಾಗ ಸುಮ್ಮನ ನಿಂತಿದ್ರು."

ಫೋನ್ ಕಟ್ಟಾಯಿತು. ಮುಚ್ಚಿದ ಕೋಣೆಯಲ್ಲಿ ಹಸಿ ಕೆಸರಿನ ವಾಸನೆ... ಓಡಿಹೋಗಿ ದಸ್ತಗೀರನನ್ನು ಎಬ್ಬಿಸಿದೆ. ಮಲಗಿದ ಮೇಲೆ ಅವನು ಎಲ್ಲೂ ಹೋಗಿರಲಿಲ್ಲ. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವನು ದೋಣಿಯತ್ತ ಓಡಿದ.

ಬೆಳಕು ಹರಿಯುವಾಗ ಮುದುಕಿಯೊಬ್ಬಳನ್ನೇ ಕರೆತಂದ. ನಾಲ್ವರು ಬಂದದ್ದು ನಿಜ ಅಂದಳು. ಆದರೆ ಎರಡನೇ ಸಲ ಅವಳು ಫೋನ್ ಮಾಡಿಯೇ ಇರಲಿಲ್ಲ. ಮೊದಲ ಸಲ ಮಾತು ಮುಗಿದ ಕೂಡಲೇ ಫೋನ್ ಕೈಜಾರಿ ಹೊಳೆಗೆ ಬಿದ್ದಿತ್ತಂತೆ.

ಹುಡುಗಿ ಸಿಗಲಿಲ್ಲ. ದಾಖಲೆಯಲ್ಲಿ ಅವಳನ್ನು ಆಗಲೇ ರಕ್ಷಿಸಿಯಾಗಿತ್ತು, ಹಾಗಾಗಿ ಯಾರೂ ಹುಡುಕಲೂ ಇಲ್ಲ. ನಾನು ಬಾಯಿ ಬಿಟ್ಟರೆ ಹುಡುಕುತ್ತಿದ್ದರು, ನನ್ನ ಕೆಲಸ ಹೋಗುತ್ತಿತ್ತು. ಬಾಯಿ ಬಿಡಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದಸ್ತಗೀರ ಸಾಹೇಬರ ಹತ್ತಿರ ಹೋಗಿ ಹೇಳಿದ, ಅವರು ಅವನ ಬಾಯಿ ಮುಚ್ಚಿಸಿದರು. ಅಂದಿನಿಂದ ಅವನು ನನ್ನ ಮುಖ ನೋಡುವುದಿಲ್ಲ.

ಕಾಶವ್ವ ವಾರವಾರ ಬಂದು, ಕೂಸನ್ನು ಯಾವ ಪರಿಹಾರ ಕೇಂದ್ರದಲ್ಲಿಟ್ಟೀರಿ ಅಂತ ಕೇಳುತ್ತಿದ್ದಳು. ನೋಡುತ್ತೇವೆ ಅಂತ ಸಾಗಹಾಕುತ್ತಿದ್ದೆ. ಕೊನೆಯ ಸಲ ಬಂದವಳು ನನ್ನ ಮೇಜಿನ ಮುಂದೆ ಕೂತಳು.

"ಇನ್ನ ಹುಡುಕೂದು ಬ್ಯಾಡಪಾ," ಅಂದಳು. "ಆ ನಾಕ್ ಮಂದಿನ್ನ ಇನ್ನೊಮ್ಮೆ ಕಳಸು. ನನ್ನೂ ಕರಕೊಂಡು ಹೋಗಲಿ."

ನಾನು ದೂರು ಹಾಕಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಕೀಲಿಮಣೆ ಮುಟ್ಟಲೂ ಇಲ್ಲ.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಕಾಶವ್ವನ ಹೆಸರಿನಲ್ಲಿ ಹೊಸ ದೂರು ಇತ್ತು. ಸಮಯ ರಾತ್ರಿ ಮೂರೂವರೆ. ಪಕ್ಕದಲ್ಲಿ ದೂರು ಹಾಕಿದವನು ಅಂತ ನನ್ನ ಹೆಸರು, ಅದರ ಕೆಳಗೆ 'ರಕ್ಷಿಸಲಾಗಿದೆ'... ಆಮೇಲೆ ಅವಳು ಬರಲಿಲ್ಲ. ತೋಟದ ಮನೆಗೆ ಹೋಗಿ ನೋಡುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.